ಚೌಡಮ್ಮನ ಗಂಡ ಇದ್ದಾನೋ ಇಲ್ಲವೋ

ಹೆತ್ತೂರು ದಾಟಿ, ಬಸ್ಸು ಏದುಸಿರು ಬಿಡುತ್ತಾ ಹತ್ತುವ ಏರು ಮುಗಿದ ಮೇಲೆ ಒಂದು ಎಸ್ಟೇಟ್ ಬರುತ್ತದೆ. ಅಲ್ಲಿನ ಕೂಲಿಯಾಳುಗಳ ಲೈನ್ ಮನೆಗಳಲ್ಲಿ ಕೊನೆಯದು ಚೌಡಮ್ಮನದು. ಅವಳು ಯಾರು ಅಂತ ಅಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಕಾಫಿ ಹಣ್ಣು ಕುಯ್ಯೋದರಲ್ಲಿ ಅವಳನ್ನು ಮೀರಿಸೋರಿಲ್ಲ ಅಂತ ಹೇಳಬಹುದು, ತಾಯಿ ಇಲ್ಲದ ಪಕ್ಕದ ಮನೆಯ ಹುಡುಗಿಯನ್ನು ಸಾಕಿ ದಡ ಸೇರಿಸಿದವಳು ಅಂತ ಹೇಳಬಹುದು. ಊಹೂಂ. "ಅದೇ ಕಣ್ರೀ, ಗಂಡ ಅವ್ನೋ ಇಲ್ವೋ ಗೊತ್ತಿಲ್ದೋಳು" ಅನ್ನುತ್ತಾರೆ. ಒಂದು ಹೆಂಗಸಿನ ಇಡೀ ಬಾಳನ್ನು ಇಷ್ಟಕ್ಕೆ ಮುಗಿಸಿಬಿಡುವ ಜನರ ಬಾಯಿಗೆ ಏನು ಹೇಳೋಣ.

ಗಂಡನ ಹೆಸರು ಜವರಯ್ಯ. ಮರಗಸಿ ಕೆಲಸದವನು. ಕಾಫಿ ಗಿಡಕ್ಕೆ ಬೆಳಕು ಬೀಳಲಿ ಅಂತ ನೆರಳಿನ ಮರ ಹತ್ತಿ ಕೊಂಬೆ ಸವರುವ ಕೆಲಸ ಅದು, ಎದೆಗಾರಿಕೆ ಬೇಕು. ಎದೆಗಾರಿಕೆ ಅವನಿಗಿತ್ತು, ಅದರ ಜೊತೆಗೆ ಮೂಗಿನ ತುದಿಯಲ್ಲಿ ಕೋಪವೂ ಇತ್ತು. ಹೊಡೆಯುವವನಲ್ಲ. ಸಿಟ್ಟು ಬಂದರೆ ಮಾತು ಬಿಟ್ಟು ಒಂದು ವಾರ ಗುಮ್ಮನೆ ಕೂತುಬಿಡುವವನು. ಹತ್ತು ವರ್ಷದ ಕೆಳಗೆ ಆಳುಗಳ ಗುಂಪಿನ ಜೊತೆ ಕೊಡಗಿನ ಕಡೆ ಮರಗಸಿಗೆ ಹೋದ. ಕೆಲಸ ಮುಗಿಸಿ ಎಲ್ಲರೂ ವಾಪಸ್ ಬರುವಾಗ ದಾರಿಯ ಯಾವುದೋ ಬಸ್ ಸ್ಟ್ಯಾಂಡಿನಲ್ಲಿ "ಬೀಡಿ ತಗೊಂಡು ಬತ್ತೀನಿ, ಸೀಟು ನೋಡ್ಕಳ್ರೋ" ಅಂತ ಇಳಿದ. ಇಳಿದವನು ಹತ್ತಲಿಲ್ಲ. ಜೊತೆಯವರು ಒಂದು ಬಸ್ಸು ಬಿಟ್ಟು ಹುಡುಕಿದರು, ಆಮೇಲೆ, ಹಿಂದಿನ ಬಸ್ಸಿಗೆ ಬರ್ತಾನೆ ಬಿಡು ಅಂತ ಹೊರಟು ಬಂದುಬಿಟ್ಟರು. ಅವನು ಬರಲಿಲ್ಲ.

ಪೊಲೀಸಿಗೆ ಫೋಟೊ ಕೊಟ್ಟದ್ದಾಯಿತು. ಅವನ ಮೊಬೈಲಿಗೆ ಫೋನ್ ಮಾಡಿ ಮಾಡಿ, ಸ್ವಿಚ್ ಆಫ್ ಆಗಿದೆ ಅನ್ನುವ ಆ ಹೆಂಗಸಿನ ದನಿ ಚೌಡಮ್ಮನಿಗೆ ಬಾಯಿಪಾಠವಾಯಿತು. ಒಂದು ದಿನ ಆ ನಂಬರು ರಿಂಗಾಯಿತು. ಎತ್ತಿದ್ದು ಯಾರೋ ಹಿಂದಿ ಮಾತಾಡುವ ಹೆಂಗಸು. ನಂಬರು ಬಹಳ ದಿನ ಸುಮ್ಮನಿದ್ದರೆ ಕಂಪನಿಯವರು ಬೇರೆಯವರಿಗೆ ಕೊಡುತ್ತಾರೆ ಅಂತ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಬಸವರಾಜು ಬಿಡಿಸಿ ಹೇಳಿದ. ಹೇಳಿದ ಮೇಲೂ ಚೌಡಮ್ಮ ಮತ್ತೆ ಆ ಹೆಂಗಸಿಗೆ ಫೋನ್ ಮಾಡಿದಳು. ಏನು ಕೇಳಬೇಕು ಅಂತ ಅವಳಿಗೆ ಗೊತ್ತಿರಲಿಲ್ಲ, ಕೇಳೋಣವೆಂದರೆ ಹಿಂದಿಯೂ ಬರುತ್ತಿರಲಿಲ್ಲ.

ಗಂಡ ಸತ್ತರೆ ಏನು ಮಾಡಬೇಕು ಅಂತ ನಮ್ಮ ಜನಕ್ಕೆ ಗೊತ್ತು. ತಿಥಿ ಯಾವತ್ತು, ಬಳೆ ತೆಗೆಸೋರು ಯಾರು, ಸೀರೆ ತರೋರು ಯಾರು, ಎಲ್ಲಕ್ಕೂ ಹೇಳೋರಿದ್ದಾರೆ. ಗಂಡ ಬದುಕಿದ್ದರೂ ಏನು ಮಾಡಬೇಕು ಅಂತ ಗೊತ್ತು. ಬೀಡಿ ತರ್ತೀನಿ ಅಂತ ಬಸ್ಸಿಳಿದು ಹೋದವನ ಹೆಂಡತಿ ಏನು ಮಾಡಬೇಕು ಅಂತ ಯಾವ ಹಿರಿಯರೂ ಹೇಳಿಟ್ಟು ಹೋಗಿಲ್ಲ. ಮದುವೆ ಮನೆಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದವಳು ಚೌಡಮ್ಮನ ಮುಂದೆ ಮಾತ್ರ ಒಂದು ಗಳಿಗೆ ನಿಲ್ಲುತ್ತಾಳೆ. ಚೌಡಮ್ಮ ತಾನೇ ಹಣೆ ಮುಂದೆ ಚಾಚಿ, "ಇಡು ಮಾರಾಯ್ತಿ, ಕುಂಕುಮ ಏನು ನಿಮ್ಮಪ್ಪನ ಮನೆ ಆಸ್ತಿನಾ" ಅನ್ನುವಳು. ತಟ್ಟೆಯವಳು ನಕ್ಕು ಇಡುವಳು. ಸುತ್ತಲಿದ್ದವರೂ ನಗುವರು. ಮನೆಗೆ ಬಂದು ಚೌಡಮ್ಮ ಬಾಗಿಲು ಹಾಕಿಕೊಂಡು ಮಲಗುವಳು. ಮದುವೆ ಊಟವನ್ನಾದರೂ ಉಂಡಿರುತ್ತಿದ್ದಳಲ್ಲ ಅನ್ನಬೇಡಿ, ಅದನ್ನೂ ಉಣ್ಣದೆ ಬಂದಿರುತ್ತಿದ್ದಳು.

ಹೀಗಿದ್ದವಳಿಗೆ ವರ್ಷಕ್ಕೊಂದು ಆಸರೆ ಇತ್ತು. ಕಾಫಿ ಕುಯ್ಲು ಮುಗಿದ ಮೇಲೆ ಹೊಸ ಹಸಿರು ಬಳೆ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಎಲೆ ಅಡಿಕೆ ತೆಂಗಿನಕಾಯಿ ಚೀಲಕ್ಕೆ ಹಾಕಿಕೊಂಡು ಯಸಳೂರಿಗೆ ಹೋಗುವುದು. ಅಲ್ಲಿ ಸುಲೋಚನಮ್ಮ ಅಂತ ಶಾಸ್ತ್ರ ಹೇಳುವ ಮುದುಕಿ. ಹಣೆ ತುಂಬಾ ವಿಭೂತಿ, ಬಿಳಿ ಕೂದಲು, ಮೆಲ್ಲನೆಯ ಮಾತು. ಮೊರದಲ್ಲಿ ಅಕ್ಕಿ ಹರಡಿ, ಕಣ್ಣು ಮುಚ್ಚಿ ಒಂದು ಚಿಟಿಕೆ ತೆಗೆದು, ಕಾಳನ್ನು ಜೋಡಿ ಜೋಡಿ ಮಾಡಿ ನೋಡಿ ಹೇಳುತ್ತಿದ್ದಳು. ಕಳೆದುಹೋದ ಎಮ್ಮೆ, ಕೂಡಿ ಬರದ ಸಂಬಂಧ, ಡಾಕ್ಟರಿಗೆ ಬಗ್ಗದ ತಲೆನೋವು, ಎಲ್ಲವೂ ಆ ಮೊರದ ಮುಂದೆ ಬಂದು ಕೂರುತ್ತಿದ್ದವು. ಚೌಡಮ್ಮ ಕೇಳುವುದು ಒಂದೇ, ಸುಲೋಚನಮ್ಮ ಹೇಳುವುದೂ ಒಂದೇ. "ಇದಾನೆ ಕಣವ್ವ. ದೂರ ಇದಾನೆ. ಉಸಿರು ಐತೆ."

ಅಷ್ಟೇ. ಯಾವ ಊರು, ಯಾವಾಗ ಬರ್ತಾನೆ, ಯಾಕೆ ಹೋದ, ಯಾವುದೂ ಇಲ್ಲ. ಚೌಡಮ್ಮ ಅದನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡವಳ ಹಾಗೆ ಹಿಡಿದುಕೊಂಡು ಬರುತ್ತಿದ್ದಳು, ಮುಂದಿನ ಕುಯ್ಲಿನವರೆಗೂ ಅದರಲ್ಲೇ ಬದುಕುತ್ತಿದ್ದಳು.

"ಆಯಮ್ಮಂಗೆ ಅಷ್ಟೆಲ್ಲಾ ಕಾಣೋದಾದ್ರೆ ಮುಂದಿನ್ ವರ್ಷದ ಮೆಣಸಿನ ರೇಟು ಹೇಳ್ಲಿ ನೋಡಾನ" ಅಂತ ರೈಟರ್ ಬಸವರಾಜು ಹಂಗಿಸುತ್ತಿದ್ದ. "ಹೋಗೋದು ದಂಡ ಕಣಮ್ಮ. ಒಂದು ದಿನದ ಕೂಲಿ, ಬಸ್ ಚಾರ್ಜು, ಮೇಲೊಂದು ಕಾಯಿ." ಮಾತು ಸರಿಯೇ, ತಪ್ಪು ಅಂತ ಯಾರು ಅಂದರು. ಆದರೆ ಬಸವರಾಜು ಸಂಜೆ ಮನೆಗೆ ಹೋದರೆ ಹೆಂಡತಿ ಯಾಕೆ ಲೇಟು ಅಂತ ಜಗಳ ತೆಗೆಯುತ್ತಾಳೆ. ಜಗಳ ತೆಗೆಯೋಕೆ ಒಂದು ಜೀವ ಇರುವವನಿಗೆ ಇಂಥ ಲೆಕ್ಕ ಸುಲಭ. ಚೌಡಮ್ಮನ ಮನೆಯಲ್ಲಿ ಅವಳು ಸೀನಿದರೂ ಚಿರಂಜೀವಿ ಅನ್ನೋರಿರಲಿಲ್ಲ. ಗಂಡ ಇದ್ದಾನಾ ಅಂತ ಅವಳು ಬಾಯಿ ಬಿಟ್ಟು ಕೇಳಬಹುದಾದ ಜಾಗ ಇಡೀ ಸೀಮೆಯಲ್ಲಿ ಅದೊಂದೇ ಇತ್ತು, ಅದಕ್ಕೇ ಹೋಗುತ್ತಿದ್ದಳು.

ಈ ವರ್ಷ ಹೋಗುವುದಕ್ಕೆ ಬೇರೆಯೇ ಒಂದು ಕಾರಣ ಬಂತು.

ಪಕ್ಕದ ಮನೆಯ ಹುಡುಗಿ ಅಂದೆನಲ್ಲ, ಅವಳು ನಯನಾ. ತಾಯಿ ಸತ್ತಾಗ ಎಳೆ ಮಗು. ತಲೆ ಬಾಚಿ ಶಾಲೆಗೆ ಕಳಿಸಿದ್ದು, ಜ್ವರ ಬಂದರೆ ಎದ್ದು ಕೂತದ್ದು, ದೊಡ್ಡವಳಾದಾಗ ಹೇಳಬೇಕಾದ್ದು ಹೇಳಿದ್ದು ಎಲ್ಲ ಚೌಡಮ್ಮನೇ. ನಯನಾ ಅವಳನ್ನು ದೊಡ್ಡವ್ವ ಅನ್ನುತ್ತಾಳೆ. ಮದುವೆಯಾದದ್ದೂ ಅದೇ ಲೈನಿನ ಅರುಣ್‌ನ ಜೊತೆ, ಹಾಗಾಗಿ ದೂರ ಹೋಗಲಿಲ್ಲ. ಮೊದಲನೆಯ ಬಸಿರು ನಿಲ್ಲಲಿಲ್ಲ. ಈಗ ಎರಡನೆಯದು, ಹೊಟ್ಟೆ ತುಂಬಿ ನಿಂತಿತ್ತು. ಬಸುರಿಗೆ ಬಳೆ ತೊಡಿಸುವ ಶಾಸ್ತ್ರಕ್ಕೆ ದಿನ ಇಟ್ಟರು. ಐದು ಜನ ಮುತ್ತೈದೆಯರು ಕೂತು ಬಳೆ ತೊಡಿಸಿ ಮಡಿಲು ತುಂಬಬೇಕು, ಮೊದಲನೆಯ ಬಳೆ ತಾಯಿ ಮನೆಯವರದು. ನಯನಾಗೆ ತಾಯಿ ಮನೆ ಅಂತ ಇದ್ದರೆ ಅದು ಚೌಡಮ್ಮ.

"ಮೊದಲ್ನೇ ಬಳೆ ದೊಡ್ಡವ್ವಂದು" ಅಂದಳು ನಯನಾ.

ಅವಳ ಅತ್ತೆ ಪುಟ್ಟತಾಯಮ್ಮ ಹಿಂಜರಿದಳು. ಕೆಟ್ಟ ಹೆಂಗಸಲ್ಲ ಪುಟ್ಟತಾಯಮ್ಮ, ಹೆದರಿದ ಹೆಂಗಸು. ಮೊದಲನೆಯದು ಹೋದಾಗ ಸೊಸೆಯ ಸೀರೆ ಒಗೆದವಳು ಅವಳೇ. ಸಂಜೆ ತಾನೇ ಚೌಡಮ್ಮನ ಬಾಗಿಲಿಗೆ ಬಂದು ಹೊಸಿಲಿನಾಚೆಯೇ ನಿಂತಳು.

"ತಪ್ಪು ತಿಳ್ಕೋಬ್ಯಾಡ ಕಣೆ ಚೌಡಿ. ನಿಂಗಿಂತ ಹತ್ತಿರದೋರು ಯಾರವ್ರೆ ಅವಳಿಗೆ. ಆದ್ರೆ ನಂಗೆ ಎದೆ ಹೊಡ್ಕೊತೈತೆ. ನೀನೆಂಗೂ ಯಸಳೂರಿಗೆ ಹೋಗೋ ಟೈಮು ಬಂತು. ಒಂದ್ಸಲ ಕೇಳ್ಕೊಂಡು ಬಂದ್ಬುಡು. ಆಯಮ್ಮ ಅವ್ನೆ ಅಂದ್ರೆ ಸಾಕು, ಮೊದಲ್ನೇ ಬಳೆ ನಿಂದೇ. ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗಿ ಕೂರುಸ್ತೀನಿ."

ಚೌಡಮ್ಮ ಸರಿ ಅಂದಳು. ಇನ್ನೇನು ಅಂದಾಳು. ಬಾಗಿಲು ಹಾಕಿಕೊಂಡು ಒಲೆ ಮುಂದೆ ಕೂತು ಗಂಡನಿಗೆ ಬಾಯಿಗೆ ಬಂದ ಹಾಗೆ ಬೈದಳು. "ಸಾಯೋನು ಸತ್ತೆ ಅಂತಾದ್ರೂ ಹೇಳ್ಕಳಿಸಬಾರದಾ. ಇರೋನು ಒಂದು ಫೋನ್ ಮಾಡಬಾರದಾ. ಹುಡುಗಿ ಕೈಗೊಂದು ಬಳೆ ಇಡಕ್ಕೆ ನಿನ್ನ ಅಪ್ಪಣೆ ಕಾಯಬೇಕೇನೋ ನಾನು." ಬೈದು ಬೈದು ಅತ್ತಳು. ಅತ್ತದ್ದು ಅವನಿಗಾಗಿಯೋ ತನಗಾಗಿಯೋ ಅವಳಿಗೇ ತಿಳಿಯಲಿಲ್ಲ.

ಮಾರನೆಯ ಬೆಳಿಗ್ಗೆ ಹೊಸ ಬಳೆ ತೊಟ್ಟು ಹೊರಟಳು. ಬಸ್ಸಿನಲ್ಲಿ ಅವಳಿಗೆ ಧೈರ್ಯವೇ ಇತ್ತು. ಇಷ್ಟು ವರ್ಷ ಇದಾನೆ ಅಂದವಳು ಈ ವರ್ಷ ಯಾಕೆ ಇಲ್ಲ ಅನ್ನುತ್ತಾಳೆ. ಮೊದಲನೆಯ ಬಳೆಯನ್ನು ನಯನಾಳ ಕೈ ನೋಯದ ಹಾಗೆ ಹೇಗೆ ಏರಿಸಬೇಕು ಅಂತಲೂ ಯೋಚಿಸಿ ಇಟ್ಟುಕೊಂಡಿದ್ದಳು, ಹುಡುಗಿಯ ಕೈ ಈಗ ಊದಿಕೊಂಡಿತ್ತು.

ಸುಲೋಚನಮ್ಮನ ಮನೆಯಲ್ಲಿ ಆವತ್ತು ಬೇರೆ ಯಾರೂ ಇರಲಿಲ್ಲ. ಮುದುಕಿ ಸೊರಗಿದ್ದಳು, ಆದರೂ ಗುರುತು ಹಿಡಿದಳು. "ಬಾ ಚೌಡಮ್ಮ. ಕುಯ್ಲು ಮುಗೀತಾ?" ಅಂದು ಮೊರ ಎಳೆದುಕೊಂಡಳು. ಅಕ್ಕಿ ಹರಡಿದಳು. ಚೌಡಮ್ಮ ಎಲೆ ಅಡಿಕೆ ಮುಂದಿಟ್ಟಳು.

"ಅದೇ ಕೇಳೋದು ಅವ್ವಾರೇ. ಆದ್ರೆ ಈ ಸಲ ನನಗೋಸ್ಕರ ಅಲ್ಲ. ನಮ್ಮ ಹುಡುಗಿಗೆ ಬಳೆ ತೊಡ್ಸೋದೈತೆ. ಮೊದಲ್ನೇದು ಹೋಗ್ಬುಟ್ಟದೆ ಅವಳಿಗೆ. ಅವರತ್ತೆ, ಸುಲೋಚನವ್ವಾರು ಅವ್ನೆ ಅಂದ್ರೆ ಮಾತ್ರ ನಾನು ಮುಟ್ಟಬೋದು ಅಂದವ್ಳೆ."

ಅಕ್ಕಿಯ ಮೇಲಿದ್ದ ಸುಲೋಚನಮ್ಮನ ಕೈ ಹಾಗೇ ನಿಂತಿತು. ಕಣ್ಣು ಮುಚ್ಚಲಿಲ್ಲ. ಚಿಟಿಕೆ ತೆಗೆಯಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಇದಕ್ಕೆ ಹೇಳಲಾರೆ ಕಣವ್ವ."

"ಯಾಕೆ ಅವ್ವಾರೇ? ಏನಾರ ಕಂಡ್ತಾ?" ಚೌಡಮ್ಮ ಮೊರದ ಕಡೆ ಬಾಗಿದಳು.

"ಏನೂ ಕಾಣಲಿಲ್ಲ. ಯಾವತ್ತೂ ಏನೂ ಕಂಡಿಲ್ಲ." ಮುದುಕಿ ಹೇಳಿದಳು. "ನೀನು ನಿನ್ನ ಸಮಾಧಾನಕ್ಕೆ ಬರ್ತಿದ್ದೆ, ನಾನು ಸಮಾಧಾನ ಹೇಳಿ ಕಳಿಸ್ತಿದ್ದೆ. ಅದರಿಂದ ಯಾರ ಗಂಟು ಹೋಗುತ್ತೆ ಅಂತಿದ್ದೆ. ಈಗ ಬಸುರಿ ಮಡಿಲಿನ ಮಾತು ತಂದಿದೀಯ. ಅದರ ಮೇಲೆ ಇಲ್ಲದ್ದು ಆಡಿ ನಾನೆಲ್ಲಿಗೆ ಹೋಗಲಿ."

ಚೌಡಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಗು ಬಂತು, ನಂಬಿ, ನಗುವೇ ಬಂತು. "ಹಂಗಾದ್ರೆ ಪ್ರತಿ ವರ್ಷ ಅವ್ನೆ ಅವ್ನೆ ಅಂದಿದ್ದು ಯಾವ ಧೈರ್ಯದ ಮೇಲೆ?"

"ನಿನ್ನ ಕೈ ನೋಡಿ ಅಂದೆ. ಮೊದಲ ಸಲ ಬಂದಾಗ ಮೈ ತುಂಬಾ ಸೆರಗು ಹೊದ್ದು, ಹೊಸ ಬಳೆ ತೊಟ್ಟು, ಇಷ್ಟು ದಪ್ಪ ಕುಂಕುಮ ಇಟ್ಕೊಂಡು ಬಂದಿದ್ದೆ. ಇಷ್ಟು ನಂಬ್ಕೊಂಡಿದಾಳೆ ಅಂದ್ರೆ ಇವಳಿಗೆ ಏನೋ ಗೊತ್ತಿರಬೇಕು, ಇದ್ದೇ ಇರ್ತಾನೆ ಅಂದ್ಕೊಂಡೆ. ಆಮೇಲೂ ಅಷ್ಟೇ. ಬಾಗಿಲಲ್ಲಿ ನಿನ್ನ ಬಳೆ ಸದ್ದು ಕೇಳಿದ್ರೆ, ಓ, ಇನ್ನೂ ಇದಾನೆ ಅಂದ್ಕೊಳ್ತಿದ್ದೆ. ಯಾವತ್ತಾದ್ರೂ ಬರಿಗೈಲಿ ಬಂದಿದ್ರೆ, ಹೋದ ಕಣವ್ವ ಅಂತ ಹೇಳ್ತಿದ್ದೆನೋ ಏನೋ."

"ಅವ್ವಾರೇ," ಚೌಡಮ್ಮ ಅಂದಳು, "ನೀವು ಅವ್ನೆ ಅಂದಿದ್ದಕ್ಕೇ ಅಲ್ವಾ ನಾನು ಆಮೇಲೆ ಪ್ರತಿ ವರ್ಷ ಬಳೆ ತೊಟ್ಟಿದ್ದು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹತ್ತು ವರ್ಷ ಇವಳು ಅವಳ ಮಾತಿನ ಮೇಲೆ ನಿಂತಿದ್ದಳು, ಅವಳು ಇವಳ ಕೈಯ ಮೇಲೆ ನಿಂತಿದ್ದಳು. ಇಬ್ಬರ ಕಾಲ ಕೆಳಗೂ ನೆಲ ಇರಲಿಲ್ಲ.

"ಹಂಗಾದ್ರೆ ಅವ್ನೋ ಇಲ್ವೋ?" ಚೌಡಮ್ಮ ಕೇಳಿದಳು. ಕೇಳದೆ ಇರಲಾಗಲಿಲ್ಲ.

"ಗೊತ್ತಿಲ್ಲ ಕಣವ್ವ."

ಪೊಲೀಸರೂ ಅದನ್ನೇ ಅಂದಿದ್ದರು. ಜೊತೆಗೆ ಹೋದವರೂ ಅದನ್ನೇ ಅಂದಿದ್ದರು. ಅದನ್ನು ಅನ್ನದೆ ಇದ್ದವಳು ಇವಳೊಬ್ಬಳಿದ್ದಳು, ಇವಳೂ ಅಂದುಬಿಟ್ಟಳು. ಚೌಡಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮುದುಕಿ ಒಳಗೆ ಹೋಗಿ ಎರಡು ಲೋಟ ಕಾಫಿ ತಂದಳು. ಇಬ್ಬರೂ ಮೊರದ ಆಚೆ ಈಚೆ ಕೂತು ಕುಡಿದರು.

"ಒಂದು ಮಾತು ಕೇಳು," ಸುಲೋಚನಮ್ಮ ಕಡೆಗೆ ಅಂದಳು. "ನಾನು ಇದಾನೆ ಅಂದೆ ಅಂತ ನೀನು ಹೋಗಿ ಹೇಳಿದರೆ ನಾನು ಇಲ್ಲ ಅನ್ನೋಕೆ ಬರೋದಿಲ್ಲ. ನನ್ನ ಬಾಯಿಂದ ಆಗೋದಿಲ್ಲ. ನಿನ್ನ ಬಾಯಿಗೆ ನಾನು ಅಡ್ಡ ಬರೋದಿಲ್ಲ."

ವಾಪಸ್ ಬಸ್ಸಿನಲ್ಲಿ ಚೌಡಮ್ಮ ಕಿಟಕಿ ಪಕ್ಕ ಕೂತಳು. ಹೇಳಿಬಿಟ್ಟರಾಯಿತು, ಅಂದುಕೊಂಡಳು. ಅವ್ನೆ ಅಂದ್ರು. ಒಂದು ಮಾತು. ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳುವುದು. ಮೊದಲನೆಯ ಬಳೆ ಕೈಗೆ ಬರುತ್ತದೆ, ನಯನಾಳ ಮುಖ ಅರಳುತ್ತದೆ. ಆಮೇಲೆ? ಹೆರಿಗೆಯಾಗಿ ಮಗು ಅಳುವ ತನಕ ತಾನು ಹೇಗೆ ಉಸಿರಾಡಲಿ. ದೇವರು ಒಂದು ಸುಳ್ಳಿಗೆ ಮಗುವಿಗೆ ಹಾಗೆಲ್ಲ ಮಾಡುವವನಲ್ಲ ಅಂತ ಅವಳಿಗೂ ಗೊತ್ತಿತ್ತು. ಬಳೆಗೂ ಬಸಿರಿಗೂ ಏನು ಸಂಬಂಧ ಅಂತ ಬಸವರಾಜು ಆಡಬಹುದಾದ ಮಾತೂ ಗೊತ್ತಿತ್ತು. ಆದರೆ ಒಂದು ವೇಳೆ ಆ ಮಗುವಿಗೆ ನೆಗಡಿಯಾದರೂ ಪುಟ್ಟತಾಯಮ್ಮ ತನ್ನ ಕಡೆ ಒಂದು ಸಲ ತಿರುಗಿ ನೋಡುತ್ತಾಳೆ. ಅದಕ್ಕಿಂತ ಹೆಚ್ಚಾಗಿ, ತನ್ನ ಕಡೆ ತಾನೇ ನೋಡಿಕೊಳ್ಳಬೇಕಾಗುತ್ತದೆ. ಮುದುಕಿ ಮುಟ್ಟಲು ಹೆದರಿದ್ದನ್ನು ತಾನು ಹೇಗೆ ಮುಟ್ಟಲಿ.

ಶಾಸ್ತ್ರಕ್ಕೆ ಹೋಗದೆ ಇರೋಣ ಅಂದರೆ ಅದೂ ಆಗದು. ಗೊತ್ತಿಲ್ಲವಂತೆ ಅಂದರೆ ನಯನಾ ಬಿಡುವವಳಲ್ಲ. ಗೊತ್ತಿಲ್ಲದಿದ್ದರೆ ಏನಂತೆ, ದೊಡ್ಡವ್ವನೇ ತೊಡಿಸಲಿ ಅಂತ ಹಟ ಹಿಡಿದು ಅತ್ತೆಯ ಜೊತೆ ಮುನಿಸಿಕೊಂಡು, ತುಂಬಿದ ಹೊಟ್ಟೆ ಇಟ್ಟುಕೊಂಡು ಊಟ ಬಿಟ್ಟು ಕೂರುತ್ತಾಳೆ. ಹಟ ಮಾಡುವುದನ್ನು ಅವಳಿಗೆ ಕಲಿಸಿದ್ದೂ ಚೌಡಮ್ಮನೇ. ಬಸ್ಸು ಏರು ಹತ್ತುವ ಹೊತ್ತಿಗೆ ಅವಳಿಗೆ ಉಳಿದಿದ್ದು ಒಂದೇ ಮಾತು. ಅದನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಇಳಿದಳು.

ಇನ್ನೂ ಬಿಸಿಲಿತ್ತು. ಪುಟ್ಟತಾಯಮ್ಮ ಜಗಲಿಯ ಮೇಲೆ ಶಾಸ್ತ್ರಕ್ಕೆ ತಂದ ವೀಳ್ಯದೆಲೆಗಳನ್ನು ಒರೆಸಿ ಜೋಡಿಸುತ್ತಿದ್ದಳು. ಲೈನಿನ ಹೆಂಗಸರು ನಾಲ್ಕಾರು ಜನ ಸುತ್ತ ಕೂತಿದ್ದರು. ನಯನಾ ಬಾಗಿಲಿಗೆ ಒರಗಿ ನಿಂತಿದ್ದಳು. ಚೌಡಮ್ಮನನ್ನು ಕಂಡು ಅವಳೇ ಮೊದಲು ಕೇಳಿದಳು.

"ಏನಂದ್ರು ದೊಡ್ಡವ್ವ?"

"ಇಲ್ವಂತೆ" ಅಂದಳು ಚೌಡಮ್ಮ.

"ಏನಿಲ್ವಂತೆ?"

"ನಿಮ್ಮ ದೊಡ್ಡಪ್ಪ ಇಲ್ವಂತೆ ಕಣವ್ವ. ಹೋಗ್ಬುಟ್ಟವ್ನಂತೆ."

ಹೇಳಿ ಜಗಲಿಯ ಅಂಚಿಗೆ ಕೂತಳು. ಪುಟ್ಟತಾಯಮ್ಮ ಎಲೆಗಳನ್ನು ಚೆಲ್ಲಿ ಎದ್ದು ಬಂದು ತಬ್ಬಿ ಹಿಡಿದಳು. ಹಿಡಿದವಳೇ ಗೊಳೋ ಅಂತ ಅತ್ತಳು, ಅದು ನಿಜವಾದ ಅಳು. ಉಳಿದವರೂ ಸೇರಿದರು. ಅವಳನ್ನು ನಡೆಸಿಕೊಂಡು ಹೋಗಿ ಅವಳ ಮನೆಯಲ್ಲೇ ಕೂರಿಸಿದರು. ಹೊಸಿಲಿನಾಚೆ ನಿಂತು ಮಾತಾಡಿ ಹೋಗುತ್ತಿದ್ದವರೆಲ್ಲ ಒಳಗೆ ಬಂದರು. ಒಬ್ಬಳು ಒಲೆ ಹೊತ್ತಿಸಿದಳು, ಒಬ್ಬಳು ಬೆನ್ನು ಸವರಿದಳು. ನಯನಾ ಪಕ್ಕದಲ್ಲಿ ಕೂತು ಅವಳ ತೋಳು ಹಿಡಿದುಕೊಂಡು ಬಿಡಲೇ ಇಲ್ಲ. ಹತ್ತು ವರ್ಷದಲ್ಲಿ ಆ ಮನೆ ಅಷ್ಟು ಜನರನ್ನು ಕಂಡಿರಲಿಲ್ಲ.

ಪುಟ್ಟತಾಯಮ್ಮನ ಕಣ್ಣು ಚೌಡಮ್ಮನ ಕೈಬಳೆಗಳ ಮೇಲೆ ಹೋಗಿ ಬಂತು. ಅವಳು ಹೇಳದೆ ಬಿಟ್ಟದ್ದು ಚೌಡಮ್ಮನಿಗೆ ತಿಳಿಯಿತು. ಬೆಳಿಗ್ಗೆ ತೊಟ್ಟ ಬಳೆಗಳನ್ನು ಒಂದೊಂದಾಗಿ ತಾನೇ ತೆಗೆದಳು, ಒಡೆಯುವುದು ಬೇಡ ಅಂದಳು. ಹಣೆಯನ್ನು ಸೆರಗಿನಿಂದ ಒರೆಸಿಕೊಂಡಳು.

"ಎಲ್ಲಿ ಸತ್ತನಂತೆ, ಹೆಂಗೆ ಸತ್ತನಂತೆ?" ಅಂತ ಯಾರಾದರೂ ಕೇಳುತ್ತಾರೆ ಅಂತ ಬಸ್ಸಿನಲ್ಲಿ ಉತ್ತರ ಹುಡುಕಿಕೊಂಡಿದ್ದಳು. ಯಾರೂ ಕೇಳಲಿಲ್ಲ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ದುಃಖ ಇತ್ತು, ಮರುಕ ಇತ್ತು. ಆಶ್ಚರ್ಯ ಮಾತ್ರ ಒಬ್ಬರ ಮುಖದಲ್ಲೂ ಇರಲಿಲ್ಲ, ನಯನಾಳ ಮುಖದಲ್ಲೂ ಇರಲಿಲ್ಲ. ಇದ್ದಾನೆ ಅಂತ ಅವಳು ವರ್ಷ ವರ್ಷವೂ ಬಂದು ಹೇಳಿದ್ದಳು, ಎಲ್ಲರೂ ಹೌದಾ ಅಂತ ತಲೆ ಆಡಿಸಿದ್ದರು. ಇಲ್ಲ ಅಂತ ಒಂದೇ ಸಲ ಹೇಳಿದಳು, ಇಡೀ ಲೈನು ನಂಬಿತು. ನಂಬದೆ ಉಳಿದವಳು ಚೌಡಮ್ಮ ಒಬ್ಬಳೇ.